ಅಪ್ಪ ಪಾಠ ಹೇಳಿದ ಫಿಲ್ಟರ್

ಈಗಿನ ಮಕ್ಕಳಿಗೆ ಕಸದ ಇಮೇಲ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಅವರ ಫೋನು ತಾನಾಗಿಯೇ ಗುಡಿಸಿ, ಸಾರಿಸಿ, ಬಾಗಿಲಾಚೆ ಎಸೆದುಬಿಡುತ್ತೆ. ಇವರು ತಲೆ ಎತ್ತಿ ಕೂಡ ನೋಡಲ್ಲ. ನಮ್ಮ ಕಾಲದಲ್ಲಿ ಹಾಗಿರಲಿಲ್ಲ ಸ್ವಾಮಿ. ಕಂಪ್ಯೂಟರಿನಲ್ಲಿ ಇಮೇಲಿಗೆ ಅಂತಲೇ ಒಂದು ಪ್ರೋಗ್ರಾಂ ಇರುತ್ತಿತ್ತು. ಯಾವುದು ಕಸ, ಯಾವುದು ಕಸವಲ್ಲ ಅಂತ ಅದಕ್ಕೆ ನಾವೇ ಪಕ್ಕದಲ್ಲಿ ಕೂತು ಕಲಿಸಬೇಕಿತ್ತು, ಒಂದನೇ ಕ್ಲಾಸಿನ ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ. ನಮ್ಮಪ್ಪ ಆ ಮಗುವಿಗೆ ಏನು ಪಾಠ ಹೇಳಿದ, ಅದು ಏನು ಕಲಿತು ನಮ್ಮೆಲ್ಲರ ಹೊಟ್ಟೆ ಉರಿಸಿತು ಅನ್ನೋದನ್ನ ಹೇಳ್ತೀನಿ, ಕೇಳಿ.

ನಮ್ಮಪ್ಪ ವಾಚ್ ರಿಪೇರಿ ಮಾಡುತ್ತಿದ್ದ. ಈಗ ಅಪ್ಪನೂ ಇಲ್ಲ, ಆ ಅಂಗಡಿಯೂ ಇಲ್ಲ; ಅಲ್ಲಿ ಈಗ ಯಾರೋ ಫೋನಿನ ಕವರು ಮಾರುತ್ತಾರೆ. ಆ ದಾರಿಯಲ್ಲಿ ಹೋಗುವಾಗ ನಾನು ಬೇಕಂತಲೇ ಎದುರಿನ ಫುಟ್‌ಪಾತಿಗೆ ದಾಟಿಕೊಳ್ಳುತ್ತೀನಿ. ದರ್ಜಿ ಅಂಗಡಿಗೂ ಫೋಟೋ ಸ್ಟುಡಿಯೋಗೂ ನಡುವೆ ಸಿಕ್ಕಿಕೊಂಡಿದ್ದ ಕಿರಿದಾದ ಜಾಗ ಅದು. ಮುಂದೆ ಗಾಜಿನ ಕೌಂಟರು, ಅಲ್ಲಿ ಅಮ್ಮ. ಬೆಲ್ಟು, ಬ್ಯಾಟರಿ, ಅಲಾರಂ ಗಡಿಯಾರ ಎಲ್ಲ ಅವಳ ಇಲಾಖೆ. ಹಿಂದೆ, ಮರದ ಅಡ್ಡಗೋಡೆಯ ಆಚೆ, ಕಿಟಕಿಯ ಬೆಳಕಿಗೆ ಮುಖ ಮಾಡಿದ್ದ ಅಪ್ಪನ ಬೆಂಚು. ಗೋಡೆ ತುಂಬ ಗಡಿಯಾರಗಳು. ಗಂಟೆಗೊಂದು ಸಲ ಎಲ್ಲ ಒಟ್ಟಿಗೆ ಬಾರಿಸುವಾಗ ಅಮ್ಮ ಗಿರಾಕಿಯ ಜೊತೆ ಆಡುತ್ತಿದ್ದ ಮಾತನ್ನ ಅರ್ಧಕ್ಕೆ ನಿಲ್ಲಿಸಿ, ಅವುಗಳದ್ದು ಮುಗಿದ ಮೇಲೆ ಅದೇ ಪದದಿಂದ ಮುಂದುವರಿಸುತ್ತಿದ್ದಳು. ಆ ಸದ್ದಿನಲ್ಲೇ ಬೆಳೆದವಳು ನಾನು. ಮದುವೆಯಾಗಿ ಹೋದ ಮನೆಯಲ್ಲಿ ಮೊದಮೊದಲು ನಿದ್ದೆಯೇ ಬರುತ್ತಿರಲಿಲ್ಲ, ಅಷ್ಟು ನಿಶ್ಶಬ್ದ.

ಬ್ಯಾಟರಿ ವಾಚು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ಅವನ ಪ್ರಾಣ ಎಲ್ಲ ಕೀ ಕೊಡುವ ಹಳೇ ವಾಚಿನ ಮೇಲೆ. ಊರಲ್ಲಿ ಅಂಥ ವಾಚು ಕಟ್ಟುವವರು ಕಮ್ಮಿಯಾದಾಗ ನಾನೇ ಇಂಟರ್‌ನೆಟ್ಟಿನಲ್ಲಿ ಅವನದ್ದೊಂದು ಪುಟ ಮಾಡಿ ಇಮೇಲ್ ಹಾಕಿಕೊಟ್ಟೆ. ನಾನು ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದವಳು; ಅಲ್ಲಿ ಯಾರ ಕಂಪ್ಯೂಟರು ಮುನಿಸಿಕೊಂಡರೂ ನನ್ನನ್ನೇ ಕೂಗುತ್ತಿದ್ದರು, ಹಾಗೆ ಕಲಿತದ್ದು. ಪುಟ ಮಾಡಿದ ಮೇಲೆ ಎಲ್ಲೆಲ್ಲಿಂದಲೋ ಜನ ಬರೆಯೋಕೆ ಶುರು ಮಾಡಿದರು. ಅಜ್ಜನ ವಾಚು, ತಾತನ ಕಾಲದ ಜೇಬಿನ ಗಡಿಯಾರ, ಮಾವ ಮದುವೆಗೆ ಕೊಟ್ಟದ್ದು. ಅಪ್ಪನ ಬೆಂಚು ಮತ್ತೆ ತುಂಬಿತು.

ಎಲ್ಲ ಇಮೇಲಿನಲ್ಲೇ ನಡೆಯಬೇಕಿತ್ತು. ಯಾಕೆ ಅಂದರೆ ಅಂಗಡಿಯ ಫೋನನ್ನ ಅಪ್ಪ ಎಂದೋ ಕಿತ್ತು ಹಾಕಿದ್ದ, ಅದರ ವೈರು ಈಗ ಕಂಪ್ಯೂಟರಿಗೆ ಮಾತ್ರ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನ ಚಿಮಟದಲ್ಲಿ ಹಿಡಿದಿರುವಾಗ ಫೋನು ಕಿರ್ರ್ ಅಂತ ಹೊಡೆದುಕೊಂಡರೆ ಏನಾಗುತ್ತೆ? ಸ್ಪ್ರಿಂಗು ಹಾರಿ, ಅಪ್ಪ ಅಮ್ಮ ಇಬ್ಬರೂ ನೆಲದ ಮೇಲೆ ಮಂಡಿಯೂರಿ ಟಾರ್ಚು ಹಿಡಿದು ಹುಡುಕಬೇಕು. ಇನ್ನೊಂದು ಅವನದ್ದೇ ಕಾನೂನು: ಮೊದಲು ಬರೆಯಬೇಕು, ಅವನು 'ಕಳಿಸಿ' ಅಂದ ಮೇಲೇ ವಾಚು ಕಳಿಸಬೇಕು. ಹೇಳದೆ ಕೇಳದೆ ಬಂದ ಪಾರ್ಸೆಲ್ಲೊಂದು ಹಿಂದೆ ಯಾವಾಗಲೋ ದಾರಿಯಲ್ಲೇ ಕಾಣೆಯಾಗಿ, ಅವನು ಊಟ ಬಿಟ್ಟು ಕೂತಿದ್ದನಂತೆ. ಪುಟದಲ್ಲೂ ದಪ್ಪಕ್ಷರದಲ್ಲಿ ಅದನ್ನೇ ಹಾಕಿಸಿದ್ದ.

ಆಮೇಲೆ ಬಂತು ನೋಡಿ ಪ್ರವಾಹ. ಪುಟದಲ್ಲಿ ವಿಳಾಸ ಕಂಡಿದ್ದೇ ತಡ, ಜಗತ್ತಿನ ನಕಲಿ ವಾಚು ಮಾರುವವರೆಲ್ಲ ಕೈ ತೊಳೆದುಕೊಂಡು ಅಪ್ಪನ ಬೆನ್ನು ಬಿದ್ದರು. ದೊಡ್ಡ ಹೆಸರಿನ ವಾಚು ಚಿಲ್ಲರೆ ಕಾಸಿಗೆ! ಅಸಲಿಯೂ ನಾಚಬೇಕು ಅಂಥ ನಕಲಿ! ಇವತ್ತೇ ಕೊಳ್ಳಿ! ಬೆಳಿಗ್ಗೆ ಕಂಪ್ಯೂಟರು ಹಾಕಿದರೆ ಮೋಡೆಮ್ಮು ಕುಂಯ್ಯೋ ಮೊರ್ರೋ ಅಂತ ಗಂಟಲು ಸರಿಮಾಡಿಕೊಂಡು, ಮೇಲೆ ಮೇಲೆ ಇದನ್ನೇ ಸುರಿಯುತ್ತಿತ್ತು. ಅಪ್ಪನಿಗೆ ಬೇರೆ ಕಸ ಬಂದಿದ್ದರೆ ಬೇಜಾರಾಗುತ್ತಿತ್ತೇನೋ. ಇದಕ್ಕೆ ಮೈಯೆಲ್ಲ ಉರಿದುಹೋಯಿತು.

"ನಕಲಿ ಅಂತ ತಾವೇ ಬಾಯಿಬಿಟ್ಟು ಹೇಳ್ಕೊಂಡು ಮಾರ್ತಾರಲ್ಲೇ, ಮಾನ ಮರ್ಯಾದೆ ಇದೆಯಾ ಇವರಿಗೆ?"

"ಅಪ್ಪ, ಅವರಿಗೆ ಮಾನ ಇದ್ದಿದ್ರೆ ನಿನಗೆ ಯಾಕೆ ಬರೀತಿದ್ರು? ಸರಿ, ಜರುಗು. ಇದಕ್ಕೊಂದು ಗತಿ ಕಾಣಿಸ್ತೀನಿ."

ಒಂದು ಭಾನುವಾರ ಮಧ್ಯಾಹ್ನ ಕೂತು ಕಸ ಸೋಸೋ ಫಿಲ್ಟರ್ ಹಾಕಿಕೊಟ್ಟೆ. ಅವನಿಗೆ ಎಲ್ಲ ಅರ್ಥವಾಗಬೇಕು, ಇಲ್ಲದಿದ್ದರೆ ಮುಟ್ಟೋಕೆ ಬಿಡಲ್ಲ. ಹೀಗಾಗಿ ಸೆಟ್ಟಿಂಗ್ಸ್ ತೆಗೆದು ಒಂದೊಂದನ್ನೂ ಓದಿ ಹೇಳಿದೆ. ಜಂಕ್ ಅಂತ ಒಂದು ಫೋಲ್ಡರು ಮಾಡು, ಕಸ ಅನ್ನಿಸಿದ್ದನ್ನ ಅಲ್ಲಿಗೆ ತಳ್ಳು, ಸರಿ. ತಾನೇ ನೋಡಿ ನೋಡಿ ಕಲಿತುಕೊಳ್ಳಲಿ, ಸರಿ. ಅಡ್ರೆಸ್ ಬುಕ್ಕಿನಲ್ಲಿ ಇರುವವರ ತಂಟೆಗೆ ಹೋಗಬೇಡ, ಅದಕ್ಕೂ ಟಿಕ್. ಹಳೇ ಕಸ ಯಾವಾಗ ಅಳಿಸಬೇಕು ಅನ್ನೋ ಕಡೆ ಬಂದಾಗ ಜಗಳ ಹತ್ತಿಕೊಂಡಿತು.

"ಅವತ್ತಿಂದವತ್ತೇ ಅಳಿಸು ಅನ್ನು. ಕಸ ಯಾರಾದ್ರೂ ಮನೇಲಿ ಇಟ್ಕೋತಾರಾ?"

"ಇಟ್ಕೋತಾರೆ. ಚಿನ್ನದ ಓಲೆ ಏನಾದ್ರೂ ಬಿದ್ದಿದ್ರೆ ಹುಡುಕೋಕೆ."

ಕೊನೆಗೆ ಮೂರು ತಿಂಗಳು ಅಂತ ರಾಜಿಯಾಯಿತು. ಅವನು ಮುಖ ಊದಿಸಿಕೊಂಡೇ ಒಪ್ಪಿದ.

"ಇನ್ನು ಪಾಠ ನಿನ್ನ ಕೆಲಸ" ಅಂದೆ. "ಕಸ ಬಂದ್ರೆ ಈ ಗುಂಡಿ ಒತ್ತು. ಒಳ್ಳೇದು ಬಂದ್ರೆ 'ಕಸ ಅಲ್ಲ' ಅಂತ ಈ ಗುಂಡಿ. ಎರಡೂ ಹೇಳ್ಕೊಡಬೇಕು, ತಿಳೀತಾ? ಆಗಲೇ ಅದಕ್ಕೆ ವ್ಯತ್ಯಾಸ ಗೊತ್ತಾಗೋದು."

"ಸರಿ ಇರೋದಕ್ಕೆ ಸರಿ ಅಂತ ಯಾಕೆ ಹೇಳ್ಬೇಕು? ಸರಿ ಇರೋದು ಅದರ ಕೆಲಸ."

ನೋಡಿ, ಇದು ನಮ್ಮಪ್ಪ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವಾಚನ್ನ ಪೂರ್ತಿ ಬಿಚ್ಚಿ, ತೊಳೆದು, ಒಬ್ಬಳೇ ಜೋಡಿಸಿ, ಅದು ಟಿಕ್ ಟಿಕ್ ಅಂದಾಗ ಕುಣಿದುಕೊಂಡು ಹೋಗಿ ಅವನ ಕೈಗೆ ಕೊಟ್ಟೆ. ಕಿವಿ ಹತ್ತಿರ ಹಿಡಿದ. "ಹೂಂ" ಅಂದ. ಬೆಂಚಿನ ಮೇಲಿಟ್ಟು ತನ್ನ ಕೆಲಸಕ್ಕೆ ತಿರುಗಿದ. ಒಂದು ಸಲ ಭೇಷ್ ಅಂದಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಆ ಹೂಂ ನನಗೆ ಇವತ್ತಿಗೂ ಅರಗಿಲ್ಲ. ಫಿಲ್ಟರಿಗೂ ಅಂಥದ್ದೇ ಮೇಷ್ಟ್ರು ಸಿಕ್ಕಿದ: ಬೈಯೋಕೆ ಮಾತ್ರ ಬಾಯಿ ತೆಗೆಯುವವನು.

ಅದೇನು ಶ್ರದ್ಧೆ ಅಂತೀರಿ! ವಾಚಿನೊಳಗಿನ ಧೂಳು ತೆಗೆಯುವಾಗ ಹೇಗೋ ಹಾಗೆ, ಭೂತಗನ್ನಡಿಯನ್ನ ಹಣೆಗೇರಿಸಿಕೊಂಡು ಕೂತು, ಒಂದೊಂದೇ ನಕಲಿ ವಾಚಿನ ಇಮೇಲನ್ನ ಕಸ, ಕಸ, ಕಸ ಅಂತ ಒತ್ತುತ್ತಿದ್ದ. "ನಿಮ್ಮಪ್ಪ ಬೆಳಿಗ್ಗೆ ಎದ್ದು ನನ್ನ ಮುಖ ನೋಡಲ್ಲ, ಆ ಜಂಕಿನ ಮುಖ ನೋಡ್ತಾರೆ" ಅಂತ ಅಮ್ಮ ದೂರು ಹೇಳಿದಳು. ಸ್ವಲ್ಪ ದಿನಕ್ಕೆ ಫಿಲ್ಟರಿಗೆ ಪಾಠ ಬಾಯಿಪಾಠವಾಯಿತು. ನಾನು ಹೋದಾಗ ಅಪ್ಪ ಇನ್‌ಬಾಕ್ಸು ತೋರಿಸಿದ. ಒಂದೇ ಒಂದು ನಕಲಿ ಇಲ್ಲ. "ಶುದ್ಧ" ಅಂದ. ಆ ಒಂದು ಪದ ಕೇಳಿಯೇ ನಾನು ಉಬ್ಬಿಹೋದೆ.

ಆಮೇಲೆ ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ, ಮಗಳ ಪರೀಕ್ಷೆ. ಅಂಗಡಿಯ ಕಡೆ ತಲೆ ಹಾಕೋಕೆ ಆಗಲಿಲ್ಲ. ಅಮ್ಮನ ಜೊತೆ ಮನೆಯ ಫೋನಿನಲ್ಲಿ ಮಾತಾಡುವಾಗ ಅಪ್ಪ ಹೇಗಿದ್ದಾನೆ ಅಂದರೆ, "ಇದ್ದಾರೆ, ಗೋಡೆ ಗಡಿಯಾರ ಎಲ್ಲ ಇಳಿಸಿ ಒರೆಸ್ತಿದ್ದಾರೆ" ಅನ್ನುತ್ತಿದ್ದಳು. ಮುಂದಿನ ವಾರ ಕೇಳಿದರೆ, ಚಿಮಟಗಳಿಗೆಲ್ಲ ಸಾಣೆ ಹಿಡೀತಿದ್ದಾರೆ. ಅದರ ಮುಂದಿನ ವಾರ, ಸುಮ್ಮನೆ ಕೂತಿದ್ದಾರೆ. ನಮ್ಮಪ್ಪ ಸುಮ್ಮನೆ ಕೂತಿದ್ದನ್ನ ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

"ಯಾಕಮ್ಮಾ, ಕೆಲಸ ಇಲ್ವಾ?"

ಅಮ್ಮ ದನಿ ತಗ್ಗಿಸಿದಳು. "ಯಾರೂ ಬರೀತಿಲ್ಲ. ಒಬ್ಬರೂ ಇಲ್ಲ. ಹೊರಗೆ ಬರೋರೆಲ್ಲ ಬ್ಯಾಟರಿ ಗಿರಾಕಿಗಳು. ಮೊನ್ನೆ ಒಬ್ಬ ಹಳೇ ಸಾಮಾನಿನ ವ್ಯಾಪಾರಿ ಬಂದಿದ್ದ. ಬೆಂಚು, ಸಾಮಾನು, ಕಂಪ್ಯೂಟರು, ಎಲ್ಲ ಕೊಟ್ಟುಬಿಡ್ತೀನಿ ಅಂತ ಮಾತು ಕೊಟ್ಟಿದ್ದಾರೆ. ಈ ಭಾನುವಾರ ಸಂಜೆ ತಗೊಂಡು ಹೋಗ್ತಾನಂತೆ."

ಭಾನುವಾರ ಊಟ ಮುಗಿಸಿದವಳೇ ಓಡಿದೆ. ಅಪ್ಪ ಬೆಂಚನ್ನ ಖಾಲಿ ಮಾಡಿ ಮೂರು ಸಲ ಒರೆಸಿದ್ದ ಅಂತ ಕಾಣುತ್ತೆ, ಹೊಳೆಯುತ್ತಿತ್ತು. ಚಿಮಟ, ಸ್ಕ್ರೂಡ್ರೈವರು, ಪುಟ್ಟ ಸುತ್ತಿಗೆ, ಎಲ್ಲ ಬಟ್ಟೆಯಲ್ಲಿ ಸುತ್ತಿ ಜೋಡಿಸಿದ್ದ.

"ಏನಪ್ಪಾ ಇದು? ನನಗೊಂದು ಮಾತು ಹೇಳಬಾರದಾ?"

"ಹೇಳೋದೇನಿದೆ. ಕೀ ಕೊಡೋ ವಾಚಿನ ಕಾಲ ಮುಗೀತು. ಎಲ್ಲರ ಕೈಯಲ್ಲೂ ಫೋನು ಬಂತು, ಟೈಮು ಅದರಲ್ಲೇ ನೋಡ್ತಾರೆ. ಯಾರಿಗೂ ಬೇಡದ ಕೆಲಸಾನ ಎಷ್ಟು ದಿನ ಹಿಡ್ಕೊಂಡು ಕೂರಲಿ?"

"ಆ ವ್ಯಾಪಾರಿ ಬೆಂಚು ತಗೊಂಡು ಹೋಗಿ ಏನು ಮಾಡ್ತಾನಂತೆ?"

ಅಪ್ಪ ಕಿಟಕಿ ಕಡೆ ತಿರುಗಿದ. "ಯಾವುದೋ ಹೋಟೆಲಿನವರು ಕೇಳಿದ್ದಾರಂತೆ. ಗೋಡೆ ಪಕ್ಕ ಇಟ್ಟು ಮೇಲೆ ಹೂಕುಂಡ ಇಡ್ತಾರಂತೆ. ಅಲಂಕಾರಕ್ಕೆ."

ಹೂಕುಂಡ! ನನಗೆ ಅಳುವೂ ಬಂತು, ಸಿಟ್ಟೂ ಬಂತು, ಯಾವುದನ್ನ ಮೊದಲು ತೋರಿಸಲಿ ಅಂತ ಗೊತ್ತಾಗಲಿಲ್ಲ. ಆ ಬೆಂಚಿನ ಕೆಳಗೆ ಆಡಿ ಬೆಳೆದವಳು ನಾನು. ಹೋಮ್‌ವರ್ಕು ಮಾಡಿದ್ದು ಅದರ ತುದಿಯಲ್ಲಿ. ಆದರೆ ಮಾತು ಕೊಟ್ಟಾಗಿದೆ ಅಂದ ಮೇಲೆ ನಮ್ಮಪ್ಪನ ಹತ್ತಿರ ವಾದ ಮಾಡೋದು ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ.

"ಕಂಪ್ಯೂಟರಿನಲ್ಲಿ ಇರೋದನ್ನೆಲ್ಲ ಒರೆಸಿ ಕೊಡು" ಅಂದ. "ಅಷ್ಟು ಮಾಡು ಸಾಕು."

ಕೂತೆ. ಫೋಟೋಗಳನ್ನ ತೆಗೆದಿಟ್ಟುಕೊಂಡೆ. ಆಮೇಲೆ ಇಮೇಲ್ ಪ್ರೋಗ್ರಾಂ ತೆಗೆದೆ. ಇನ್‌ಬಾಕ್ಸಿನಲ್ಲಿ ಎರಡು ತಿಂಗಳ ಹಿಂದಿನ ಒಂದು ಇಮೇಲು, ಅದಾದ ಮೇಲೆ ಬಂದದ್ದು ಏನೂ ಇಲ್ಲ. ಇಷ್ಟು ಶುದ್ಧವಾಗಿರೋ ಇನ್‌ಬಾಕ್ಸನ್ನ ನಾನು ಎಲ್ಲೂ ನೋಡಿರಲಿಲ್ಲ. ಎಡಗಡೆ ಜಂಕ್ ಅನ್ನೋ ಹೆಸರು ಮಾತ್ರ ದಪ್ಪಗೆ ಕೂತಿತ್ತು. ಅಳಿಸೋ ಮುಂಚೆ ಒಂದು ಸಲ ಕಣ್ಣಾಡಿಸೋಣ ಅಂತ ಒತ್ತಿದೆ.

ನಕಲಿ ವಾಚು, ನಕಲಿ ವಾಚು, ನಕಲಿ ವಾಚು. ಅದರ ಕೆಳಗೆ: 'ನಮ್ಮ ತಂದೆಯವರ ವಾಚು ನಿಂತಿದೆ, ನೋಡುತ್ತೀರಾ?' ಮತ್ತೆರಡು ನಕಲಿ. 'ವಾಚಿನ ಗಾಜು ಒಡೆದಿದೆ.' 'ಯಜಮಾನರೇ, ಹೋದ ವರ್ಷ ನೀವು ಸರಿ ಮಾಡಿಕೊಟ್ಟ ವಾಚು...'

ಏನಾಗಿದೆ ಅಂತ ಹೊಳೆದಾಗ ತಲೆ ಮೇಲೆ ಕೈ ಹೊತ್ತುಕೊಂಡೆ. ಅಲ್ಲಾ, ವಾಚು ಅನ್ನೋ ಮಾತು ಇರೋದೆಲ್ಲ ಕಸ ಅಂತ ಈ ಮನುಷ್ಯ ದಿನಾ ಬೆಳಿಗ್ಗೆ ಕೂತು ಪಾಠ ಹೇಳಿದ್ದಾನೆ! ವಾಚ್ ರಿಪೇರಿಯವನಿಗೆ ಜನ ಬೇರೆ ಇನ್ನೇನು ಬರೀತಾರೆ? ಫಿಲ್ಟರು ಪಾಪ, ಗುರು ಹೇಳಿದ್ದನ್ನ ಚಾಚೂ ತಪ್ಪದೆ ಪಾಲಿಸಿತ್ತು.

"ಅಪ್ಪಾ! ಬಾ ಇಲ್ಲಿ! ನೀನು 'ಕಸ ಅಲ್ಲ' ಅನ್ನೋ ಗುಂಡಿ ಒಂದು ಸಲಾನಾದ್ರೂ ಒತ್ತಿದ್ದೀಯಾ?"

"ಯಾಕೆ ಒತ್ತಲಿ? ಒಳ್ಳೇದಕ್ಕೆ ಉತ್ತರ ಬರೀತಿದ್ದೆ, ಸಾಲದಾ?"

"ಅಡ್ರೆಸ್ ಬುಕ್ಕಿಗೆ ಗಿರಾಕಿಗಳನ್ನ ಹಾಕಿದ್ದೀಯಾ?"

ತೆಗೆದು ನೋಡಿದೆ. ನಾನಿದ್ದೆ. ನಾನೊಬ್ಬಳೇ. ಯಾಕೆ ಅಂದರೆ ಗಿರಾಕಿಗಳ ಹೆಸರು ನಮ್ಮಪ್ಪನಿಗೆ ಎಂದೂ ನೆನಪಿರಲಿಲ್ಲ. ಅವನಿಗೆ ಅವರೆಲ್ಲ ನೀಲಿ ಡಯಲ್, ಮೊಂಡು ಮುಳ್ಳು, ಬೆಳ್ಳಿ ಸರಪಳಿ. ವಾಚು ನೋಡಿದರೆ ಮನುಷ್ಯ ನೆನಪಾಗುತ್ತಿದ್ದ, ಹೆಸರು ಹೇಳಿದರೆ ಇಲ್ಲ.

"ಏನಾಯ್ತು ಹೇಳೇ" ಅಂತ ಹತ್ತಿರ ಬಂದ. ನಾನು ಎದ್ದು ಅವನನ್ನ ಕುರ್ಚಿಯಲ್ಲಿ ಕೂರಿಸಿದೆ. "ಓದು."

"ಅದು ಜಂಕು. ಕಸದಲ್ಲಿ ಓದೋದೇನಿರುತ್ತೆ?"

"ಓದಪ್ಪಾ, ದಮ್ಮಯ್ಯ."

ಓದತೊಡಗಿದ. ಮೊದಲನೆಯದನ್ನ ಓದಿ ನನ್ನ ಮುಖ ನೋಡಿದ. ಎರಡನೆಯದನ್ನ ಓದಿ ನೋಡಲಿಲ್ಲ. ಆಮೇಲೆ ಅವನ ತುಟಿ ಮಾತ್ರ ಅಲುಗುತ್ತಿತ್ತು. "ಮೊಂಡು ಮುಳ್ಳಿನವರು" ಅಂದ ಮೆಲ್ಲಗೆ. "ಬಸ್ಸು ಓಡಿಸ್ತಾರೆ. ಮತ್ತೆ ನಿಂತಿದೆಯಂತೆ, ಎಣ್ಣೆ ಒಣಗಿರುತ್ತೆ." ಕೆಳಗೆ ಹೋದ. ಅದೇ ಬಸ್ಸಿನವರದ್ದು ಇನ್ನೊಂದು: ನನ್ನ ಇಮೇಲು ತಲುಪಲಿಲ್ಲವೇನೋ. ಮತ್ತೂ ಒಂದು: ಹುಷಾರಾಗಿದ್ದೀರಾ? ಬೆಳ್ಳಿ ಸರಪಳಿಯವರು ಬರೆದಿದ್ದರು, ನನ್ನ ಮೇಲೆ ಬೇಸರವೇನಾದರೂ ಆಯಿತೇ ಅಂತ. ನಾವು ಇಲ್ಲಿ ಜಗತ್ತಿಗೆ ನಾವು ಬೇಡವಾದೆವು ಅಂತ ಬೆಂಚು ಒರೆಸುತ್ತಿದ್ದರೆ, ಅವರು ಅಲ್ಲಿ ತಮ್ಮಿಂದೇನು ತಪ್ಪಾಯಿತೋ ಅಂತ ಕೊರಗುತ್ತಿದ್ದರು.

ಅಪ್ಪ ಒಂದು ಇಮೇಲಿಗೆ ಬಂದು ನಿಂತುಬಿಟ್ಟ. ಎಷ್ಟು ಹೊತ್ತಾದರೂ ಮುಂದೆ ಹೋಗಲಿಲ್ಲ. ನಾನು ಅವನ ಹೆಗಲ ಮೇಲಿಂದ ಬಗ್ಗಿ ಓದಿದೆ.

'ಯಜಮಾನರ ಮನೆಯವರಿಗೆ. ಮೂರು ಸಲ ಬರೆದೆ, ಉತ್ತರ ಬರಲಿಲ್ಲ. ಅವರು ಉತ್ತರ ಕೊಡದೆ ಇರುವವರಲ್ಲ. ಅವರಿಗೇನಾದರೂ ಆಗಿದ್ದರೆ ದಯವಿಟ್ಟು ಒಂದು ಮಾತು ತಿಳಿಸಿ. ನಮ್ಮ ಮನೆಯವರ ನೀಲಿ ಡಯಲಿನ ವಾಚು ನಿಂತಿದೆ. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಅವರದ್ದು ಅಂತ ಸದ್ದು ಮಾಡುತ್ತಿದ್ದದ್ದು ಅದೊಂದೇ. ಬೇರೆಯವರ ಕೈಗೆ ಕೊಡಲು ಮನಸ್ಸು ಬಾರದೆ ದಿಂಬಿನ ಪಕ್ಕ ಹಾಗೇ ಇಟ್ಟುಕೊಂಡಿದ್ದೇನೆ.'

"ನಾನು ಸತ್ತಿದ್ದೀನಿ ಅಂದ್ಕೊಂಡಿದ್ದಾರೆ" ಅಂದ ಅಪ್ಪ.

ಅಡ್ಡಗೋಡೆಯ ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದಳು. "ಮತ್ತಿನ್ನೇನು? ಬಾಯಿಗೆ ಬೀಗ ಹಾಕ್ಕೊಂಡು ಕೂತೋರನ್ನ ಬದುಕಿದ್ದಾರೆ ಅಂದ್ಕೋತಾರಾ?" ಅಂದಳು. ಬೈದಳೇ ಹೊರತು ಅವಳ ದನಿ ಒದ್ದೆಯಾಗಿತ್ತು.

ಅಷ್ಟರಲ್ಲಿ ಮುಂದೆ ಗಾಡಿ ನಿಂತ ಸದ್ದು. ವ್ಯಾಪಾರಿ ಇಬ್ಬರು ಆಳುಗಳನ್ನ ಕರೆದುಕೊಂಡು, ಹಗ್ಗ ಹಿಡಿದು ಬಂದಿದ್ದ. ಅಪ್ಪ ಕುರ್ಚಿಯಿಂದ ಅರ್ಧ ಎದ್ದ. "ಮಾತು ಕೊಟ್ಟಿದ್ದೀನಲ್ಲೇ" ಅಂದ. ಅವನ ಮುಖ ನೋಡಲಾಗುತ್ತಿರಲಿಲ್ಲ.

"ನೀವು ಕೊಟ್ಟಿದ್ದೀರಿ, ನಾನು ಕೊಟ್ಟಿಲ್ಲ" ಅಂದಳು ಅಮ್ಮ. ಸೆರಗು ಸರಿಮಾಡಿಕೊಂಡು ಕೌಂಟರಿಗೆ ಹೋದಳು. ಆಮೇಲೆ ಕೇಳಿಸಿದ್ದು ಇಷ್ಟು: "ಬನ್ನಿ ಬನ್ನಿ. ಬೆಂಚಾ? ಅದು ಕೆಲಸದಲ್ಲಿದೆ, ಖಾಲಿ ಇಲ್ಲ. ಅವರು ಕೊಟ್ಟ ಮಾತು ಅವರನ್ನೇ ಕೇಳ್ಬೇಕು, ಆದ್ರೆ ಈಗ ಅವರಿಗೆ ಗಿರಾಕಿಗಳಿದ್ದಾರೆ, ಎಬ್ಬಿಸೋ ಹಾಗಿಲ್ಲ. ದೂರದಿಂದ ಬಂದಿದ್ದೀರಿ, ಕೂತ್ಕೊಳ್ಳಿ, ಕಾಫಿ ಕುಡೀರಿ. ಹೋಟೆಲಿಗೆ ಅಲಂಕಾರ ತಾನೇ? ಈ ದೊಡ್ಡ ಗೋಡೆ ಗಡಿಯಾರ ನೋಡಿ, ಎಷ್ಟು ಚೆನ್ನಾಗಿದೆ. ಅಂದ ಹಾಗೆ, ನಿಮ್ಮ ಕೈಲಿರೋ ವಾಚು ಹತ್ತು ನಿಮಿಷ ಹಿಂದಿದೆಯಲ್ಲಾ, ಬ್ಯಾಟರಿ ಹಾಕಿಸಿ ಎಷ್ಟು ದಿನ ಆಯ್ತು?"

ವ್ಯಾಪಾರಿ ಗೊಣಗಿದ, ಕಾಫಿ ಕುಡಿದ, ಗೋಡೆ ಗಡಿಯಾರ ಹೊರಿಸಿಕೊಂಡು, ಹೊಸ ಬ್ಯಾಟರಿ ಹಾಕಿಸಿಕೊಂಡು ಹೋದ. ಅಮ್ಮನಂಥವರು ಈಗ ಎಲ್ಲಿದ್ದಾರೆ ಹೇಳಿ?

ಒಳಗೆ ನಾನು ಮೌಸ್ ಹಿಡಿದು, "ಎಲ್ಲಾನೂ ಒಟ್ಟಿಗೆ ಆರಿಸಿ ಕಸ ಅಲ್ಲ ಅಂತ ಒತ್ತಿಬಿಡ್ತೀನಿ, ನಕಲಿಗಳನ್ನ ಆಮೇಲೆ ತೆಗೆದರಾಯ್ತು" ಅಂದೆ. ಅಪ್ಪ ನನ್ನ ಕೈ ಸರಿಸಿದ.

"ಬೇಡ. ಒಬ್ಬೊಬ್ಬರನ್ನೂ ನಾನೇ ಕರೀತೀನಿ."

ಬಟ್ಟೆಯ ಗಂಟು ಬಿಚ್ಚಿ ಭೂತಗನ್ನಡಿ ತೆಗೆದ, ಯಾಕೋ ಗೊತ್ತಿಲ್ಲ, ಪರದೆ ಓದೋಕೆ ಅದು ಬೇಕಿರಲಿಲ್ಲ. ಹಣೆಯ ಮೇಲೆ ಏರಿಸಿಕೊಂಡ. ನೀಲಿ ಡಯಲಿನ ಆ ಹೆಂಗಸಿನ ಇಮೇಲಿನ ಮೇಲೆ ಮೌಸಿನ ಬಾಣ ಇಟ್ಟು, ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು, 'ಕಸ ಅಲ್ಲ' ಒತ್ತಿದ. ಅದು ಜಂಕಿನಿಂದ ಎದ್ದು ಇನ್‌ಬಾಕ್ಸಿಗೆ ಹೋಗಿ ಕೂತಿತು. ಉತ್ತರ ಬರೆಯೋಕೆ ತೆಗೆದ. ಹೊರಗಿನ ಬೆಳಕು ಇಳಿಯುತ್ತಿತ್ತು, ನಾನು ಬೆಂಚಿನ ದೀಪ ಹಾಕಿದೆ. ಏನು ಬರೆಯಬಹುದು ಅಂತ ನಾನೇ ಒಂದೆರಡು ಸಾಲು ಹೇಳಿಕೊಟ್ಟೆ: ತಾಂತ್ರಿಕ ತೊಂದರೆಯಿಂದ ತಡವಾಯಿತು, ಕ್ಷಮೆ ಇರಲಿ, ಹಾಗೆ ಹೀಗೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದ.

'ಇದ್ದೀನಿ ತಾಯಿ. ಕಳಿಸಿ.'